ತಿರುಗಿದಾಗ ಮಾತ್ರ ಇರುವ ಚಿತ್ರ

ಕೀಲಿ ಕೊಟ್ಟು ನುಡಿಸುವ ಗ್ರಾಮಫೋನು ಇದ್ದ ಮನೆಗಳಲ್ಲಿ ಬಾಲ್ಯವನ್ನು ಕಳೆದವರಿಗೆ ಒಂದು ಸಂಗತಿ ನೆನಪಿರಬಹುದು. ಹಿರಿಯರು ಹಾಡನ್ನು ಕೇಳುತ್ತಿದ್ದರೆ ಮಕ್ಕಳು ಅದನ್ನು ನೋಡುತ್ತ ಕುಳಿತಿರುತ್ತಿದ್ದರು. ಕಪ್ಪು ತಟ್ಟೆಯ ನಡುವೆ ಅಂಟಿಸಿದ ಬಣ್ಣದ ಕಾಗದ. ಅದರ ಮೇಲೆ ಹಾರ್ನಿಗೆ ಕಿವಿಗೊಟ್ಟು ಕುಳಿತ ನಾಯಿ. ತಟ್ಟೆ ನಿಂತಿರುವಾಗ ನಾಯಿಯುಂಟು, ಹಾರ್ನುಂಟು. ತಿರುಗಲು ತೊಡಗಿತೆಂದರೆ ಎರಡೂ ಕರಗಿ ಒಂದು ಮಸುಕಾದ ಬಳೆ ಮಾತ್ರ ಉಳಿಯುತ್ತಿತ್ತು. ಹಾಡು ಮುಗಿದು ವೇಗ ಇಳಿಯುತ್ತಿದ್ದಂತೆ ನಾಯಿ ಎಲ್ಲಿಂದಲೋ ಮರಳಿ ಬಂದು ತನ್ನ ಜಾಗದಲ್ಲಿ ಕುಳಿತುಬಿಡುತ್ತಿತ್ತು. ತಟ್ಟೆಯ ತೂತು ಸರಿಯಾಗಿ ನಟ್ಟನಡುವೆ ಇಲ್ಲದಿದ್ದರೆ ಇನ್ನೂ ಒಂದು ತಮಾಷೆ: ಮುಳ್ಳು ಹಿಡಿದ ತೋಳು ತೊಟ್ಟಿಲಿನಂತೆ ಅತ್ತಿತ್ತ ತೂಗುತ್ತಿತ್ತು. ಹಾಡಿನ ಶ್ರುತಿಗೆ ಅದು ಕೇಡಾದರೂ ನೋಡುವ ಮಗುವಿಗೆ ಸೊಗಸು.

ಗ್ರಾಮಫೋನನ್ನು ಕಿವಿಯಿಂದ ಬಿಡಿಸಿ ಕಣ್ಣಿಗೆ ಕೊಡಬಹುದೆಂದು 1935ರಲ್ಲಿ ಪ್ಯಾರಿಸಿನಲ್ಲಿ ಒಬ್ಬ ಕಲಾವಿದ ಆಲೋಚಿಸಿದ. ಆತನ ಹೆಸರು ಮಾರ್ಸೆಲ್ ದ್ಯುಶಾಂ. ಆತ ಮಾಡಿದ್ದಿಷ್ಟೆ: ಇಪ್ಪತ್ತು ಸೆಂಟಿಮೀಟರ್ ಅಗಲದ ಆರು ರಟ್ಟಿನ ತಟ್ಟೆಗಳು, ಎರಡೂ ಮಗ್ಗುಲಲ್ಲಿ ಬಣ್ಣದ ಮುದ್ರಣ, ಒಟ್ಟು ಹನ್ನೆರಡು ಚಿತ್ರ. ಇವನ್ನು ಗ್ರಾಮಫೋನಿನ ಮೇಲೆ ಹಾಡಿನ ತಟ್ಟೆಯ ಬದಲಿಗೆ ಇಟ್ಟು ನಿಧಾನವಾಗಿ, ನಿಮಿಷಕ್ಕೆ ಸುಮಾರು 33 ಸುತ್ತಿನಂತೆ ತಿರುಗಿಸಬೇಕು. ಆಗ ಸಪಾಟಾದ ರಟ್ಟಿನಿಂದ ಒಂದು ಬಟ್ಟಲು ಮೇಲಕ್ಕೆ ಏಳುತ್ತದೆ, ಒಂದು ಸುರಂಗ ಕೆಳಕ್ಕೆ ಇಳಿಯುತ್ತದೆ, ದುಂಡು ತೊಟ್ಟಿಯೊಳಗೆ ಕೆಂಪು ಮೀನು ಈಜುತ್ತದೆ. ಇದಕ್ಕೆ ಆತ ಇಟ್ಟ ಹೆಸರು ರೋಟೊರಿಲೀಫ್, ಅಂದರೆ ತಿರುಗುವ ಉಬ್ಬುಚಿತ್ರ. ಮುದ್ರಿಸಿದ್ದು ಐನೂರು ಸೆಟ್ಟು.

ಚಿತ್ರಗಳ ಹೆಸರುಗಳನ್ನು ಗಮನಿಸಬೇಕು. ಹೂವಿನ ದಳ, ಬೇಯಿಸಿದ ಮೊಟ್ಟೆ, ಚೀನೀ ಲಾಂದ್ರ, ದೀಪ, ಜಪಾನೀ ಮೀನು, ಬಸವನಹುಳು, ಬೊಹೀಮಿಯದ ಗಾಜಿನ ಪಾತ್ರೆ, ಬಳೆಗಳು, ಬಿಸಿಗಾಳಿಯ ಬಲೂನು, ಪಂಜರ, ಪೂರ್ಣಗ್ರಹಣ, ಬಿಳಿಯ ಸುರುಳಿ. ಹೆಚ್ಚಿನವು ಮನೆಯೊಳಗಿನ ವಸ್ತುಗಳು, ಇಲ್ಲವೆ ಮಕ್ಕಳ ಪುಸ್ತಕದ ವಸ್ತುಗಳು. ಆ ಕಾಲದ ಪ್ಯಾರಿಸಿನ ಕಲಾವಿದರು ತಮ್ಮ ಕೃತಿಗಳಿಗೆ ಇಡುತ್ತಿದ್ದ ಗಹನವಾದ ಹೆಸರುಗಳ ನಡುವೆ ಈ ಬೇಯಿಸಿದ ಮೊಟ್ಟೆ ಎದ್ದು ಕಾಣುತ್ತದೆ. ದ್ಯುಶಾಂ ಇದನ್ನು ಆಟಿಕೆಯೆಂದೇ ಕಂಡಿದ್ದ. ಆಟಿಕೆಯಾಗಿಯೇ ಮಾರಲು ಹೊರಟಿದ್ದ. ಆ ಹೊರಟ ಕಥೆಯೇ ಇಂದಿನ ನನ್ನ ವಿಷಯ.

ದ್ಯುಶಾಂ ಹುಟ್ಟಿದ್ದು 1887ರಲ್ಲಿ, ಫ್ರಾನ್ಸಿನ ನಾರ್ಮಂಡಿಯ ಒಂದು ಹಳ್ಳಿಯಲ್ಲಿ. ತಂದೆ ದಸ್ತಾವೇಜು ಬರೆದು ದೃಢೀಕರಿಸುವ ನೋಟರಿ. ಅಣ್ಣಂದಿರಲ್ಲಿ ಒಬ್ಬ ಚಿತ್ರಕಾರ, ಒಬ್ಬ ಶಿಲ್ಪಿ, ತಂಗಿಯೂ ಚಿತ್ರಕಾರ್ತಿ. ಮೆಟ್ಟಿಲಿಳಿಯುವ ನಗ್ನೆಯನ್ನು ಕುರಿತ ಆತನ ಚಿತ್ರ 1913ರಲ್ಲಿ ನ್ಯೂಯಾರ್ಕಿನ ದೊಡ್ಡ ಪ್ರದರ್ಶನದಲ್ಲಿ ಗದ್ದಲವೆಬ್ಬಿಸಿತು. 1917ರಲ್ಲಿ ಅಂಗಡಿಯಿಂದ ಕೊಂಡ ಮೂತ್ರದ ಪಿಂಗಾಣಿ ತೊಟ್ಟಿಗೆ ರುಜು ಹಾಕಿ ಪ್ರದರ್ಶನಕ್ಕೆ ಕಳುಹಿಸಿದವನೂ ಇವನೇ. ಆ ಕಥೆ ಎಷ್ಟು ಸಾರಿ ಹೇಳಲ್ಪಟ್ಟಿದೆಯೆಂದರೆ ದ್ಯುಶಾಂ ಎಂದರೆ ಅದೊಂದೇ ಎಂಬಂತಾಗಿದೆ. ಆದರೆ ಆ ತೊಟ್ಟಿಗಿಂತ ಮೊದಲಿನಿಂದಲೂ, ಅದಾದ ಮೇಲೂ, ಈತನನ್ನು ಬಿಡದೆ ಕಾಡಿದ ಒಂದು ವಸ್ತುವಿದೆ. ಅದು ಚಕ್ರ.

1911ರಲ್ಲಿ ಅಣ್ಣನ ಅಡುಗೆಮನೆಗಾಗಿ ಕಾಫಿ ಬೀಸುವ ಯಂತ್ರದ ಚಿತ್ರ ಬರೆದ. ಅದರಲ್ಲಿ ಹಿಡಿ ತಿರುಗುವ ದಿಕ್ಕನ್ನು ಬಾಣದ ಗುರುತಿನಿಂದ ತೋರಿಸಿದ್ದಾನೆ. ಮುಂದೆ ರೂಆಂ ಪಟ್ಟಣದ ಮಿಠಾಯಿ ಅಂಗಡಿಯ ಕಿಟಕಿಯಲ್ಲಿ ಕಂಡ ಚಾಕಲೇಟು ಅರೆಯುವ ಯಂತ್ರವನ್ನು ಚಿತ್ರಿಸಿದ. 1913ರಲ್ಲಿ ಸೈಕಲ್ಲಿನ ಚಕ್ರವೊಂದನ್ನು ಅಡುಗೆಮನೆಯ ಎತ್ತರದ ಸ್ಟೂಲಿನ ಮೇಲೆ ತಲೆಕೆಳಗಾಗಿ ನೆಟ್ಟು, ಬಿಡುವಾದಾಗ ತಿರುಗಿಸಿ ನೋಡುತ್ತಿದ್ದ. ಒಲೆಯ ಬೆಂಕಿಯನ್ನು ನೋಡಿದ ಹಾಗೆ ಅದನ್ನು ನೋಡುತ್ತಿದ್ದೆನೆಂದು ಆತ ಹೇಳಿಕೊಂಡದ್ದುಂಟು. 1924ರಲ್ಲಿ ಮಾಂಟೆ ಕಾರ್ಲೊದ ಜೂಜಿನ ಚಕ್ರದ ಮೇಲೆ ಹಣ ಹೂಡಲು ಸಾಲಪತ್ರಗಳನ್ನೇ ಅಚ್ಚು ಹಾಕಿಸಿ ಗೆಳೆಯರಿಗೆ ಮಾರಿದ. ಚದುರಂಗದ ಹುಚ್ಚು ಬೇರೆ. ಫ್ರಾನ್ಸಿನ ತಂಡದಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಆಡಿದವನು. ಚಿತ್ರ ಬರೆಯುವುದನ್ನಂತೂ ಬಹುಮಟ್ಟಿಗೆ ಬಿಟ್ಟಿದ್ದ.

ಚಿತ್ರ ಬಿಟ್ಟದ್ದಕ್ಕೆ ಆತನ ಕಾರಣವಿತ್ತು. ಕಣ್ಣಿನ ಅಕ್ಷಿಪಟಲಕ್ಕೆ ಹಿತವಾಗಿದ್ದು ಅಲ್ಲಿಗೇ ನಿಂತುಬಿಡುವ ಕಲೆ ಆತನಿಗೆ ಬೇಡವಾಗಿತ್ತು. ಹಾಗಿದ್ದರೆ ಕಣ್ಣಿಗೆ ಮೋಜು ಮಾಡುವುದರ ಹೊರತು ಬೇರೇನನ್ನೂ ಮಾಡದ ಈ ತಟ್ಟೆಗಳನ್ನು ಅದೇ ಮನುಷ್ಯ ಏಕೆ ಮಾಡಿದ? ವಿಮರ್ಶಕರು ಇದನ್ನು ವಿರೋಧಾಭಾಸವೆಂದು ಎತ್ತಿ ತೋರಿಸುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ರಟ್ಟಿನಲ್ಲಿ ಬಟ್ಟಲಿಲ್ಲ, ಅಕ್ಷಿಪಟಲದ ಮೇಲೆ ಬೀಳುವ ಬಿಂಬವೂ ಸಪಾಟಾದದ್ದೇ. ಬಟ್ಟಲನ್ನು ಮಾಡುವುದು ಅದರ ಹಿಂದೆ ಕುಳಿತ ಮತ್ತಾರೋ. ಆ ಮತ್ತಾರನ್ನೋ ಕೈಯಲ್ಲಿ ಹಿಡಿದು ತೋರಿಸುವ ಸಾಧನಗಳೆಂದು ಈ ತಟ್ಟೆಗಳನ್ನು ತಿಳಿದರೆ ಆತನ ಮಾತಿಗೂ ಕೃತಿಗೂ ಜಗಳವೇ ಇಲ್ಲ.

ತಟ್ಟೆಗಳ ಸರಳತೆಗೆ ಬರಲು ಆತನಿಗೆ ಹದಿನೈದು ವರ್ಷ ಹಿಡಿಯಿತು. ಮೊದಲ ಪ್ರಯತ್ನ 1920ರಲ್ಲಿ, ನ್ಯೂಯಾರ್ಕಿನಲ್ಲಿ. ಒಂದು ಉದ್ದನೆಯ ಅಚ್ಚಿಗೆ ಚಿಕ್ಕದರಿಂದ ದೊಡ್ಡದರವರೆಗೆ ಐದು ಗಾಜಿನ ಹಲಗೆಗಳನ್ನು ಒಂದರ ಹಿಂದೊಂದು ಸಿಕ್ಕಿಸಿ, ಅವುಗಳ ತುದಿಯಲ್ಲಿ ಕಮಾನು ಗೆರೆಗಳನ್ನು ಬರೆದು, ವಿದ್ಯುತ್ ಮೋಟಾರಿನಿಂದ ತಿರುಗಿಸುವ ಏರ್ಪಾಡು. ಅಚ್ಚಿನ ನೇರಕ್ಕೆ ನಿಂತು ದೂರದಿಂದ ನೋಡಿದರೆ ತುಂಡು ತುಂಡಾದ ಗೆರೆಗಳು ಸೇರಿ ಒಂದೇ ಸಮತಲದ ಪೂರ್ಣವೃತ್ತಗಳಾಗಬೇಕು. ಗೆಳೆಯ ಮ್ಯಾನ್ ರೇ ಕ್ಯಾಮರಾ ಹಿಡಿದು ನಿಂತ. ಯಂತ್ರ ವೇಗ ಹಿಡಿಯಿತು. ಬೆಲ್ಟು ಎಲ್ಲೋ ಸಿಕ್ಕಿಕೊಂಡಿತು. ಗಾಜು ಒಡೆದು ಹಾರಿತು. ಮ್ಯಾನ್ ರೇ ಬದುಕಿದ್ದೇ ಪುಣ್ಯ. ಈ ಪ್ರಸಂಗವನ್ನು ಆತ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ದ್ಯುಶಾಂ ಹೊಸ ಗಾಜು ತರಿಸಿ ತಾಳ್ಮೆಯಿಂದ ಮತ್ತೆ ಕಟ್ಟಿದ. ಆ ಯಂತ್ರ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಲಾಶಾಲೆಯಲ್ಲಿದೆ.

ಎರಡನೆಯದು 1924-25ರಲ್ಲಿ, ಜಾಕ್ ದೂಸೆ ಎಂಬ ಶ್ರೀಮಂತ ವಸ್ತ್ರವಿನ್ಯಾಸಕನಿಗಾಗಿ ಮಾಡಿಕೊಟ್ಟ ತಿರುಗುವ ಅರ್ಧಗೋಳ. ಅದರ ಮೇಲೆ ಕಪ್ಪು ಬಿಳುಪು ವೃತ್ತಗಳು. ಒಂದೇ ಪ್ರತಿ, ಮೋಟಾರಿನ ಸಹಿತ. 1926ರಲ್ಲಿ ಇಂಥ ತಟ್ಟೆಗಳನ್ನೇ ಚಲಚ್ಚಿತ್ರ ಮಾಡಿದ. ಏಳು ನಿಮಿಷದಷ್ಟು ಉದ್ದದ ಆ ಚಿತ್ರದಲ್ಲಿ ಒಂದು ಸುರುಳಿ ತಟ್ಟೆ, ಆಮೇಲೆ ಶ್ಲೇಷೆಯ ವಾಕ್ಯವೊಂದನ್ನು ಸುರುಳಿಯಾಗಿ ಬರೆದ ತಟ್ಟೆ, ಮತ್ತೆ ಸುರುಳಿ, ಹೀಗೆ ಸಾಗುತ್ತದೆ. ವಾಕ್ಯಗಳನ್ನು ಫ್ರೆಂಚ್ ಬಲ್ಲವರೇ ಸವಿಯಬೇಕು; ಭಾಷಾಂತರದಲ್ಲಿ ಅವು ಉಳಿಯುವುದಿಲ್ಲ. ಸುರುಳಿಗಳಿಗೆ ಮಾತ್ರ ಭಾಷಾಂತರದ ಹಂಗಿಲ್ಲ.

ಈ ಭ್ರಮೆಯ ಮರ್ಮವೇನು? ತಿರುಗುವ ತಟ್ಟೆಯಿಂದ ಕಣ್ಣನ್ನು ಆಡಿಸುವುದು ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳಿಗೆ ಬಲು ಇಷ್ಟದ ಕೆಲಸ. ಬೆಲ್ಜಿಯಂ ದೇಶದ ಜೋಸೆಫ್ ಪ್ಲಾಟೊ (ಗ್ರೀಸಿನ ತತ್ತ್ವಜ್ಞನಲ್ಲ) 1832ರಲ್ಲಿಯೇ ತಟ್ಟೆಯ ಅಂಚಿನ ಚಿತ್ರಗಳನ್ನು ಕುಣಿಸಿ ತೋರಿಸಿದ್ದ. 1843ರಲ್ಲಿ ಪೂರ್ಣ ದೃಷ್ಟಿಹೀನನಾದ ಮೇಲೂ ಆತ ಇತರರ ಕಣ್ಣುಗಳ ಸಹಾಯದಿಂದ ದೃಷ್ಟಿಯನ್ನು ಕುರಿತ ಸಂಶೋಧನೆ ನಡೆಸಿದನೆಂಬುದು ವಿಜ್ಞಾನದ ಚರಿತ್ರೆಯ ಮನಕಲಕುವ ಅಧ್ಯಾಯ. ಆದರೆ ದ್ಯುಶಾಂನ ತಟ್ಟೆಗಳ ಗುಟ್ಟನ್ನು ಬಿಡಿಸಿದವರು ಇಟಲಿಯ ಪಾದುವಾ ನಗರದ ಮನಶ್ಶಾಸ್ತ್ರಜ್ಞರು. ವಿಟ್ಟೋರಿಯೊ ಬೆನುಸ್ಸಿ ಕಂಡುಕೊಂಡಿದ್ದ ಈ ಪರಿಣಾಮವನ್ನು ಆತನ ಶಿಷ್ಯ ಚೆಸಾರೆ ಮುಸಾಟ್ಟಿ 1924ರಲ್ಲಿ ವಿವರಿಸಿ ಪ್ರಕಟಿಸಿದ. ಪ್ಯಾರಿಸಿನಲ್ಲಿ ದ್ಯುಶಾಂ ತನ್ನ ಅರ್ಧಗೋಳದಲ್ಲಿ ಮುಳುಗಿದ್ದ ಕಾಲವೂ ಅದೇ.

ಅವರ ವಿವರಣೆ ಕ್ಲಿಷ್ಟವಾದುದೇನಲ್ಲ. ತಟ್ಟೆಯೊಂದರ ಮೇಲೆ ದೊಡ್ಡ ವೃತ್ತ, ಅದರೊಳಗೆ ಚಿಕ್ಕ ವೃತ್ತ ಇದೆಯೆಂದು ಭಾವಿಸಿ. ಎರಡರ ಕೇಂದ್ರವೂ ಒಂದೇ ಆಗಿರಕೂಡದು. ತಟ್ಟೆ ತಿರುಗುತ್ತದೆ. ವೃತ್ತದ ಗೆರೆ ಎಲ್ಲ ಕಡೆಯೂ ಒಂದೇ ತೆರನಾಗಿರುವುದರಿಂದ ಅದು ತನ್ನ ಸುತ್ತ ತಾನು ತಿರುಗುತ್ತಿದೆಯೆಂದು ತಿಳಿಯಲು ಕಣ್ಣಿಗೆ ಯಾವ ಗುರುತೂ ಸಿಕ್ಕುವುದಿಲ್ಲ. ಚಿಕ್ಕದು ದೊಡ್ಡದರೊಳಗೆ ಅತ್ತಿತ್ತ ಸರಿದಾಡುತ್ತಿದೆ ಎಂದಷ್ಟೇ ತೋರುತ್ತದೆ. ಬಸ್ಸಿನ ಕಿಟಕಿಯಲ್ಲಿ ಹತ್ತಿರದ ಮರ ಓಡುವುದನ್ನೂ ದೂರದ ಬೆಟ್ಟ ಕದಲದೆ ನಿಲ್ಲುವುದನ್ನೂ ಬಹುಕಾಲದಿಂದ ಕಂಡಿರುವ ಮನಸ್ಸು ಕೂಡಲೇ ತೀರ್ಪು ಕೊಡುತ್ತದೆ: ಒಂದು ಹೆಚ್ಚು, ಒಂದು ಕಡಿಮೆ ಸರಿಯುವುದಾದರೆ ಎರಡರ ನಡುವೆ ದೂರವಿರಲೇಬೇಕು. ತೀರ್ಪಾದ ಮರುಕ್ಷಣ ಎರಡು ವೃತ್ತಗಳು ಒಂದು ಬಟ್ಟಲಿನ ಬಾಯಿ ಮತ್ತು ತಳ ಆಗಿಬಿಡುತ್ತವೆ.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆಳವನ್ನು ಅಳೆಯಲು ಎರಡು ಕಣ್ಣು ಬೇಕು, ಒಂದು ಸಾಲದು ಎಂದು ನಾವು ಕಲಿತಿದ್ದೇವೆ. ದ್ಯುಶಾಂನ ತಟ್ಟೆಗಳ ವಿಷಯದಲ್ಲಿ ಒಂದು ಕಣ್ಣು ಮುಚ್ಚಿ ನೋಡಿದರೆ ಆಳ ಹೆಚ್ಚುತ್ತದೆ. ಎರಡು ಕಣ್ಣುಗಳು ಸೇರಿದಾಗ ರಟ್ಟು ಸಪಾಟೆಂಬ ಸತ್ಯವನ್ನು ಪತ್ತೆಹಚ್ಚಿ ಚಾಡಿ ಹೇಳುತ್ತವೆ. ಒಂದೇ ಇದ್ದರೆ ಚಾಡಿ ಹೇಳುವವರಿಲ್ಲ. ಒಂದು ಕಣ್ಣು ಕಳೆದುಕೊಂಡವನಿಗೂ ಈ ತಟ್ಟೆಗಳು ಆಳದ ಅನುಭವವನ್ನು ಕೊಡುತ್ತವೆಂಬುದು ದ್ಯುಶಾಂಗೆ ಬಹಳ ಹಿಡಿಸಿದ ಸಂಗತಿ.

ನಮ್ಮವರಿಗೆ ಈ ಪ್ರಸಂಗದಲ್ಲಿ ಅಲಾತಚಕ್ರದ ನೆನಪಾಗದೆ ಇರದು. ಕೊಳ್ಳಿಯನ್ನು ಬೀಸಿದರೆ ಬೆಂಕಿಯ ಬಳೆ, ನಿಲ್ಲಿಸಿದರೆ ಬಳೆಯಿಲ್ಲ. ಆ ಬಳೆ ಹೊರಗಿನಿಂದ ಬಂದದ್ದೂ ಅಲ್ಲ, ಕೊಳ್ಳಿಯನ್ನು ಬಿಟ್ಟು ಬೇರೆಲ್ಲಿಗೋ ಹೋದದ್ದೂ ಅಲ್ಲ ಎಂದು ಗೌಡಪಾದರು ಮಾಂಡೂಕ್ಯಕಾರಿಕೆಯ ಕೊನೆಯ ಪ್ರಕರಣದಲ್ಲಿ ವಿಚಾರ ಮಾಡುತ್ತಾರೆ. ಪ್ರಕರಣದ ಹೆಸರೇ ಅಲಾತಶಾಂತಿ. ದ್ಯುಶಾಂಗೂ ಇದಕ್ಕೂ ನಂಟು ಕಲ್ಪಿಸುವ ಉದ್ದೇಶ ನನಗಿಲ್ಲ. ಅಂಥ ನಂಟುಗಳನ್ನು ಕಟ್ಟುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆಚಾರ್ಯರಿಗೆ ಕೊಳ್ಳಿ ಒಂದು ದೃಷ್ಟಾಂತ, ದಾಟಿಹೋಗಬೇಕಾದ ಮೆಟ್ಟಿಲು. ಪ್ಯಾರಿಸಿನವನಿಗೆ ಅದು ಮಾರಾಟದ ಸರಕು. ಆತ ಅದನ್ನು ಹೊತ್ತು ಸಂತೆಗೆ ಹೋದ.

ಸಂತೆಯೆಂದರೆ ನಿಜವಾದ ಸಂತೆಯೇ. ಪ್ಯಾರಿಸಿನಲ್ಲಿ ಪ್ರತಿವರ್ಷ ನಡೆಯುವ ಕಾಂಕೂರ್ ಲೆಪೀನ್ ಎಂಬ ಸಂಶೋಧಕರ ಮೇಳವನ್ನು 1901ರಲ್ಲಿ ಆರಂಭಿಸಿದವನು ನಗರದ ಪೊಲೀಸ್ ಮುಖ್ಯಾಧಿಕಾರಿಯಾಗಿದ್ದ ಲೂಯಿ ಲೆಪೀನ್. ಆಟಿಕೆ ಮತ್ತು ಸಣ್ಣಪುಟ್ಟ ಸಾಮಾನು ತಯಾರಿಸುವ ಬಡ ಕೈಕೆಲಸದವರಿಗೆ ಆಸರೆಯಾಗಲೆಂಬುದು ಉದ್ದೇಶ. ತರಕಾರಿ ಹೆಚ್ಚುವ, ಬೂಟು ಒರಸುವ, ಬಾಗಿಲು ತಾನೇ ಮುಚ್ಚುವ ಹೊಸ ಹೊಸ ಉಪಾಯಗಳನ್ನು ಅದರ ಕರ್ತೃಗಳೇ ನಿಂತು ಕೂಗಿ ಮಾರುವ ಜಾಗ. 1935ರ ಬೇಸಗೆಯ ಕೊನೆಗೆ ಪೋರ್ಟ್ ದ ವರ್ಸಾಯ್ ಬಯಲಿನಲ್ಲಿ ನಡೆದ ಮೇಳದಲ್ಲಿ ದ್ಯುಶಾಂ ಒಂದು ಚಿಕ್ಕ ಮಳಿಗೆಯನ್ನು ಬಾಡಿಗೆಗೆ ಹಿಡಿದ. ಯಾವ ಕಲಾಶಾಲೆಯೂ ಇಲ್ಲ, ಯಾವ ವಿಮರ್ಶಕನೂ ಇಲ್ಲ, ಮುನ್ನುಡಿಯ ಹೊತ್ತಗೆಯೂ ಇಲ್ಲ. ವಯಸ್ಸು ನಲವತ್ತೆಂಟು. ಅಮೆರಿಕದಲ್ಲಿ ಹೆಸರುವಾಸಿ, ತನ್ನ ಊರಿನಲ್ಲಿ ಹೆಚ್ಚಿನವರಿಗೆ ಅಪರಿಚಿತ. ತಟ್ಟೆಗಳ ಮೇಲೆ ನೋಂದಾಯಿತ ವಿನ್ಯಾಸವೆಂದು ಅಚ್ಚು ಹಾಕಿಸಿದ್ದ, ಯಾರಾದರೂ ಕದ್ದಾರೆಂಬಂತೆ.

ಯಾರೂ ಕದಿಯಲಿಲ್ಲ. ಗೆಳೆಯ ಆನ್ರಿ ಪಿಯೆರ್ ರೋಶೆ ಅಲ್ಲಿಗೆ ಹೋಗಿ ಕಂಡುದನ್ನು ಮುಂದೆ ಬರೆದಿಟ್ಟಿದ್ದಾನೆ. ಒಂದು ಮಗ್ಗುಲಲ್ಲಿ ಕಸವನ್ನು ಒತ್ತಿ ಸುಡುವ ಯಂತ್ರ, ಇನ್ನೊಂದು ಮಗ್ಗುಲಲ್ಲಿ ಕ್ಷಣದಲ್ಲಿ ತರಕಾರಿ ಹೆಚ್ಚುವ ಯಂತ್ರ. ನಡುವೆ ದ್ಯುಶಾಂನ ತಟ್ಟೆಗಳು, ಕೆಲವು ಮಲಗಿ, ಕೆಲವು ನಿಂತು, ಸುಮ್ಮನೆ ತಿರುಗುತ್ತಿವೆ. ಜನ ಸಾಲು ಸಾಲಾಗಿ ಬರುತ್ತಾರೆ. ಕಸದ ಯಂತ್ರದ ಮುಂದೆ ನಿಲ್ಲುತ್ತಾರೆ, ತರಕಾರಿಯ ಯಂತ್ರದ ಮುಂದೆ ನಿಲ್ಲುತ್ತಾರೆ. ನಡುವಿನದನ್ನು ಒಂದು ನೋಟದಲ್ಲಿ ದಾಟುತ್ತಾರೆ. ಇದರಿಂದ ಉಪಯೋಗವೇನು ಎಂಬ ಪ್ರಶ್ನೆಗೆ ಉತ್ತರ ಅವರಿಗೆ ನೋಡಿದೊಡನೆಯೇ ಸಿಕ್ಕಿಬಿಟ್ಟಿತ್ತು. ರೋಶೆ ಹತ್ತಿರ ಬಂದಾಗ ದ್ಯುಶಾಂ ನಕ್ಕನಂತೆ. ತಪ್ಪು ನೂರಕ್ಕೆ ನೂರು, ಆದರೆ ಅದರಲ್ಲಿ ಅಸ್ಪಷ್ಟತೆಯೇನೂ ಇಲ್ಲವಲ್ಲ ಎಂಬರ್ಥದ ಮಾತನ್ನಾಡಿದನಂತೆ.

ಈ ನಗೆಯನ್ನು ಕುರಿತು ಬಹಳ ಬರೆಯಲಾಗಿದೆ. ಸೋಲನ್ನೂ ಕಲಾಕೃತಿಯಾಗಿ ಮಾಡಿಕೊಂಡ ಮಹಾನುಭಾವನೆಂದು ಹೊಗಳುವುದು ಸುಲಭ. ಆದರೆ ಐನೂರು ಸೆಟ್ಟೆಂದರೆ ಮೂರು ಸಾವಿರ ತಟ್ಟೆ. ಅಚ್ಚಿನ ಖರ್ಚು ಸುಳ್ಳಲ್ಲ. ಆತ ಅಗ್ಗವಾದ, ಅನೇಕವಾದ, ಮನೆಯಲ್ಲಿ ಆಗಲೇ ಇರುವ ಯಂತ್ರದ ಮೇಲೆ ತಿರುಗಬಲ್ಲ ವಸ್ತುವನ್ನು ಮಾಡಿದ್ದ. ಒಂದೇ ಪ್ರತಿಯ ಅರ್ಧಗೋಳವನ್ನು ಕೊಂಡ ಶ್ರೀಮಂತನಿಂದ ತಪ್ಪಿಸಿಕೊಂಡು ತರಕಾರಿ ಕೊಳ್ಳಲು ಬಂದವನ ಮನೆಗೆ ಹೋಗಬೇಕೆಂದು ಹೊರಟಿದ್ದ. ಆ ಮನೆಯ ಬಾಗಿಲು ತೆರೆಯಲಿಲ್ಲ. ತಪ್ಪು ಜನರದೆಂದು ನಾನು ಹೇಳಲಾರೆ. ಅಂದಿನ ಗ್ರಾಮಫೋನು ಸಾಮಾನ್ಯವಾಗಿ ತಿರುಗುತ್ತಿದ್ದುದು ನಿಮಿಷಕ್ಕೆ 78 ಸುತ್ತು. ದ್ಯುಶಾಂನ ಮೀನು ಈಜಲು ಅದರ ಅರ್ಧ ವೇಗವೂ ಹೆಚ್ಚು. 33 ಸುತ್ತಿನ ಲಾಂಗ್‌ಪ್ಲೇ ತಟ್ಟೆಗಳು ಮನೆಮನೆಗೆ ಬಂದದ್ದು 1948ರ ನಂತರ. ಸರಕು ತನ್ನ ಯಂತ್ರಕ್ಕಿಂತ ಹನ್ನೆರಡು ಹದಿಮೂರು ವರ್ಷ ಮೊದಲೇ ಸಂತೆಗೆ ಬಂದಿತ್ತು.

ಉಳಿದ ಕಥೆ ಸಂಖ್ಯೆಗಳ ಕಥೆ. ಮಾರದೆ ಉಳಿದವುಗಳಲ್ಲಿ ಸುಮಾರು ಮುನ್ನೂರು ಸೆಟ್ಟು ಎರಡನೆಯ ಮಹಾಯುದ್ಧದಲ್ಲಿ ಕಳೆದುಹೋದವು. 1953ರಲ್ಲಿ ನ್ಯೂಯಾರ್ಕಿನಲ್ಲಿ ಸಾವಿರ ಸೆಟ್ಟಿನ ಇನ್ನೊಂದು ಮುದ್ರಣವಾಯಿತು. ಅದರಲ್ಲಿಯೂ ಸುಮಾರು ಆರುನೂರು ಆಕಸ್ಮಿಕವಾಗಿ ನಾಶವಾದವು. ಯಾರೂ ಬೇಡವೆಂದ ವಸ್ತು ಹೀಗೆ ಯಾರ ಪ್ರಯತ್ನವೂ ಇಲ್ಲದೆ ಅಪರೂಪದ ವಸ್ತುವಾಗತೊಡಗಿತು.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 1955ರಲ್ಲಿ ಪ್ಯಾರಿಸಿನ ದನೀಸ್ ರೆನೆ ಎಂಬಾಕೆ ತನ್ನ ಚಿತ್ರಶಾಲೆಯಲ್ಲಿ ಚಲನೆಯನ್ನೇ ವಸ್ತುವಾಗಿಸಿಕೊಂಡ ಪ್ರದರ್ಶನವೊಂದನ್ನು ಏರ್ಪಡಿಸಿದಳು. ವಾಸರೆಲಿ, ತ್ಯಾಂಗೆಲಿ, ಸೋಟೊ, ಆಗಾಂ ಮೊದಲಾದ ಕಿರಿಯರ ಜೊತೆಗೆ ಹಿರಿಯರೆಂದು ಕರೆದದ್ದು ಕಾಲ್ಡರ್ ಮತ್ತು ದ್ಯುಶಾಂ ಇಬ್ಬರನ್ನು. ಮುಂದೆ ಚಲನಕಲೆ ಮತ್ತು ದೃಷ್ಟಿಭ್ರಮೆಯ ಕಲೆಯೆಂದು ಜಗತ್ತು ಕರೆದ ಎರಡು ಹೊಳೆಗಳೂ ಆ ಕೋಣೆಯಿಂದ ಹರಿದವೆಂದರೆ ಅತಿಶಯೋಕ್ತಿಯಾಗಲಾರದು. 1959ರಲ್ಲಿ ಡೇನಿಯಲ್ ಸ್ಪೋರಿ ಎಂಬ ತರುಣ, ನೋಡುಗನ ಕೈಯಿಂದಲೋ ಮೋಟಾರಿನಿಂದಲೋ ಬದಲಾಗುವ ಕೃತಿಗಳನ್ನು ತಲಾ ನೂರು ಪ್ರತಿಗಳಂತೆ ಮಾಡಿಸಿ, ಕಲಾವಿದ ಹೆಸರಾದವನಿರಲಿ ಹೊಸಬನಿರಲಿ, ಎಲ್ಲಕ್ಕೂ ಒಂದೇ ಬೆಲೆ ಕಟ್ಟಿದ. ರೋಟೊರಿಲೀಫ್ ಆ ಸಾಲಿನಲ್ಲಿತ್ತು. ಸಂತೆಯ ಕನಸನ್ನು ಅರಿತು ಮುಂದುವರಿಸಿದವನೆಂದರೆ ಈ ಸ್ಪೋರಿಯೇ. ಆದರೂ ಐನೂರು ಇದ್ದದ್ದು ನೂರಕ್ಕೆ ಇಳಿದುದನ್ನು ಮರೆಯುವಂತಿಲ್ಲ. 1965ರಲ್ಲಿ ಮಿಲಾನಿನ ಶ್ವಾರ್ಟ್ಸ್ ಚಿತ್ರಶಾಲೆ ಹೊರತಂದದ್ದು ನೂರೈವತ್ತು. ಗೋಡೆಗೆ ತೂಗುಹಾಕುವ, ವಿದ್ಯುತ್ತಿನಿಂದ ತಿರುಗುವ ಸಾಧನದ ಸಮೇತ. ದ್ಯುಶಾಂ ಬದುಕಿದ್ದ; ಮರುಮುದ್ರಣಗಳಿಗೆ ಆತನ ಒಪ್ಪಿಗೆಯಿತ್ತು. ಕಡಿಮೆ ಪ್ರತಿ, ಅದಕ್ಕೊಂದು ಕ್ರಮಸಂಖ್ಯೆ, ಕೆಳಗೊಂದು ರುಜು: ಇದು ಕಲಾ ಮಾರುಕಟ್ಟೆಯ ವ್ಯಾಕರಣ. ಆ ವ್ಯಾಕರಣವನ್ನು ಜೀವಮಾನವಿಡೀ ಗೇಲಿ ಮಾಡಿದವನು ಕೊನೆಗೆ ಅದರಲ್ಲಿಯೇ ವಾಕ್ಯ ರಚಿಸಿದ. ಇದನ್ನು ನಾನು ಆಕ್ಷೇಪವಾಗಿ ಹೇಳುತ್ತಿಲ್ಲ. ಎಪ್ಪತ್ತೆಂಟರ ವಯಸ್ಸಿನಲ್ಲಿ ಮತ್ತೊಮ್ಮೆ ತರಕಾರಿ ಯಂತ್ರದ ಪಕ್ಕದಲ್ಲಿ ಹೋಗಿ ನಿಲ್ಲೆಂದು ಯಾರನ್ನಾದರೂ ಕೇಳಲಾದೀತೆ?

ಅದೇ 1965ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ದೃಷ್ಟಿಭ್ರಮೆಯ ಕಲೆಯ ಭಾರಿ ಪ್ರದರ್ಶನವೊಂದನ್ನು ನಡೆಸಿತು. ಜನ ಮುಗಿಬಿದ್ದರು. ಅದಕ್ಕಾಗಿ ಬಂದಿಳಿದ ಇಂಗ್ಲೆಂಡಿನ ಚಿತ್ರಕಾರ್ತಿ ಬ್ರಿಜೆಟ್ ರೈಲಿ, ಅಂಗಡಿಯ ಕಿಟಕಿಗಳಲ್ಲಿ ತನ್ನ ಚಿತ್ರಗಳ ಗೆರೆಗಳನ್ನೇ ಮುದ್ರಿಸಿದ ಉಡುಪುಗಳು ಸಾಲಾಗಿ ತೂಗುತ್ತಿರುವುದನ್ನು ಕಂಡು ಸಿಟ್ಟಿಗೆದ್ದಳು. ಮೂವತ್ತು ವರ್ಷದ ಹಿಂದೆ ಒಬ್ಬ ತನ್ನ ಭ್ರಮೆಗಳನ್ನು ಜನರಿಗೆ ಕೊಡಲು ಹೋಗಿ ಬರಿಗೈಯಲ್ಲಿ ಮರಳಿದ್ದ. ಈಗ ಒಬ್ಬಳ ಭ್ರಮೆಗಳನ್ನು ಜನ ಕೇಳದೆಯೇ ತೊಟ್ಟುಕೊಂಡರು.

ದ್ಯುಶಾಂ 1968ರಲ್ಲಿ ತೀರಿಕೊಂಡ. ಆತನ ತಟ್ಟೆಗಳು ಇಂದು ಯೂರೋಪು ಅಮೆರಿಕಗಳ ದೊಡ್ಡ ಸಂಗ್ರಹಾಲಯಗಳಲ್ಲಿವೆ. ರಟ್ಟು ಹಳೆಯದು, ಶಾಯಿ ಹಳೆಯದು, ತಿರುಗಿದರೆ ಸವೆಯುತ್ತದೆ. ಆದ್ದರಿಂದ ಮೂಲ ತಟ್ಟೆಗಳನ್ನು ಗಾಜಿನ ಕೆಳಗೆ ನಿಶ್ಚಲವಾಗಿಟ್ಟಿರುವುದೇ ಹೆಚ್ಚು. ಕಾಪಾಡುವವರ ಕಷ್ಟ ಅರ್ಥವಾಗುವಂಥದು. ಆದರೆ ಗಾಜಿನ ಕೆಳಗೆ ಇರುವುದೇನು? ಕೇಂದ್ರ ತಪ್ಪಿದ ಕೆಲವು ವೃತ್ತಗಳು. ಮೀನಿಗೆ ಈಜಿಲ್ಲ, ಬಟ್ಟಲಿಗೆ ಆಳವಿಲ್ಲ. ಗ್ರಾಮಫೋನು ನಿಂತಾಗ ನಾಯಿಯಾದರೂ ಮರಳಿ ಬರುತ್ತಿತ್ತು. ಇಲ್ಲಿ ನಿಂತರೆ ಬರುವವರು ಯಾರೂ ಇಲ್ಲ.

ಕೇಳುಗರಲ್ಲಿ ಕುತೂಹಲವುಳ್ಳವರಿಗೆ ಒಂದು ಸೂಚನೆ. ಹಳೆಯ ಕ್ಯಾಲೆಂಡರಿನ ರಟ್ಟಿನಿಂದ ಒಂದು ಗೇಣಗಲದ ಬಿಲ್ಲೆ ಕತ್ತರಿಸಿ, ನಡುವೆ ತೂತು ಮಾಡಿ. ಮಕ್ಕಳ ಕೈವಾರ ತೆಗೆದುಕೊಂಡು ಅಂಚಿನ ಹತ್ತಿರ ಒಂದು ದೊಡ್ಡ ವೃತ್ತ ಬರೆಯಿರಿ. ಒಳಗೊಳಗೆ ಇನ್ನು ಐದಾರು ವೃತ್ತ, ಪ್ರತಿಯೊಂದರ ಕೇಂದ್ರವನ್ನೂ ಹಿಂದಿನದಕ್ಕಿಂತ ಒಂದು ಕಾಳಿನಷ್ಟು ಒಂದೇ ದಿಕ್ಕಿಗೆ ಸರಿಸುತ್ತ. ಅಟ್ಟದ ಮೇಲೆ ಲಾಂಗ್‌ಪ್ಲೇ ತಟ್ಟೆಗಳ ಕಾಲದ ಪ್ಲೇಯರ್ ಇದ್ದರೆ ಇಳಿಸಿ, ಮುಳ್ಳಿನ ತೋಳನ್ನು ಬದಿಗಿಟ್ಟು ಬಿಲ್ಲೆಯನ್ನು ಅದರ ಮೇಲಿಡಿ. ಅದಿಲ್ಲವಾದರೆ ಒಂದು ಗುಂಡುಸೂಜಿಯಿಂದ ಪೆನ್ಸಿಲಿನ ಹಿಂಬದಿಯ ರಬ್ಬರಿಗೆ ಚುಚ್ಚಿ ಬೆರಳಿನಿಂದ ಮೆಲ್ಲಗೆ ತಿರುಗಿಸಿದರೂ ಆದೀತು. ಎರಡು ಮಾರು ದೂರ ಸರಿದು, ಒಂದು ಕಣ್ಣು ಮುಚ್ಚಿಕೊಳ್ಳಿ. ಮೊದಲ ಕೆಲವು ಸುತ್ತು ಏನೂ ಆಗುವುದಿಲ್ಲ, ಸ್ವಲ್ಪ ಕಾಯಬೇಕು.